ಮ.ಸಾ.ಅ. 12, ಲ.ಸಾ.ಅ. 360: ಉತ್ತರ ಒಂದೇ ಅಂದವರು ಯಾರು?

ಎರಡು ಸಂಖ್ಯೆಗಳ ಮ.ಸಾ.ಅ. (ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) 12, ಲ.ಸಾ.ಅ. (ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 360. ಆ ಸಂಖ್ಯೆಗಳು ಯಾವುವು?

ಶಾಲೆಯಲ್ಲಿ ಈ ಲೆಕ್ಕಕ್ಕೆ ನಾನು 24 ಮತ್ತು 180 ಎಂದು ಬರೆದಿದ್ದೆ. ಪುಸ್ತಕದ ಕೊನೆಯಲ್ಲಿದ್ದ ಉತ್ತರ 60 ಮತ್ತು 72. ಕೆಂಪು ಶಾಯಿಯ ತಪ್ಪು ಗುರುತು ಬಿತ್ತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಯಾಕೆಂದರೆ ನನ್ನ ಉತ್ತರವೂ ಸರಿ. 36, 120 ಕೂಡ ಸರಿ. 12, 360 ಕೂಡ ಸರಿ.

ಎಡವಟ್ಟು ಶುರುವಾಗುವುದು ಎಲ್ಲರಿಗೂ ಬಾಯಿಪಾಠ ಆಗಿರುವ ಸೂತ್ರದಿಂದ: ಎರಡು ಸಂಖ್ಯೆಗಳ ಗುಣಲಬ್ಧ, ಅವುಗಳ ಮ.ಸಾ.ಅ. ಮತ್ತು ಲ.ಸಾ.ಅ.ಗಳ ಗುಣಲಬ್ಧಕ್ಕೆ ಸಮ. ಸೂತ್ರದಲ್ಲಿ ತಪ್ಪಿಲ್ಲ. ಆದರೆ 12 × 360 = 4320 ಅಂತ ಸುಮ್ನೆ 4320 ಬರುವ ಜೋಡಿ ಹುಡುಕಿದರೆ ಸಾಲದು. 48 × 90 ಕೂಡ 4320. ಅವುಗಳ ಮ.ಸಾ.ಅ. ಮಾತ್ರ 6!

ಒಳಗೆ ಏನು ನಡೆಯುತ್ತಿದೆ ನೋಡಿ. 12 ಅಂದರೆ 2² × 3. 360 ಅಂದರೆ 2³ × 3² × 5. ಒಂದೊಂದು ಅವಿಭಾಜ್ಯ ಸಂಖ್ಯೆಯನ್ನೂ ಒಂದೊಂದು ಏಣಿ ಅಂದುಕೊಳ್ಳಿ. ಪ್ರತಿ ಏಣಿಯ ಮೇಲೂ ನಮ್ಮ ಎರಡೂ ಸಂಖ್ಯೆಗಳು ನಿಂತಿವೆ, ತಮ್ಮೊಳಗೆ ಆ ಅವಿಭಾಜ್ಯ ಸಂಖ್ಯೆ ಎಷ್ಟು ಸಲ ಬರುತ್ತದೋ ಅಷ್ಟನೇ ಮೆಟ್ಟಿಲಲ್ಲಿ. ಕೆಳಗಿರುವವರ ಮೆಟ್ಟಿಲನ್ನು ಮ.ಸಾ.ಅ. ಹೇಳುತ್ತದೆ, ಮೇಲಿರುವವರ ಮೆಟ್ಟಿಲನ್ನು ಲ.ಸಾ.ಅ. ಹೇಳುತ್ತದೆ. 2ರ ಏಣಿಯಲ್ಲಿ ಒಬ್ಬರು ಎರಡನೇ ಮೆಟ್ಟಿಲಲ್ಲಿ, ಇನ್ನೊಬ್ಬರು ಮೂರನೆಯದರಲ್ಲಿ. ಯಾರು ಎಲ್ಲಿ? ಅದನ್ನು ಎರಡೂ ಹೇಳುವುದಿಲ್ಲ. ಬಾಗಿಲ ಹೊರಗೆ ಒಂದು ದೊಡ್ಡ ಚಪ್ಪಲಿ ಜೋಡಿ, ಒಂದು ಚಿಕ್ಕದು ಬಿಟ್ಟಿದ್ದಾರೆ, ಒಳಗಿರುವವರಲ್ಲಿ ಯಾರದ್ದು ಯಾವುದು ಗೊತ್ತಿಲ್ಲ ಅನ್ನುವ ಹಾಗೆ.

ಈ ಅದಲುಬದಲು ಪ್ರತಿ ಏಣಿಯಲ್ಲೂ ಬೇರೆ ಬೇರೆಯಾಗಿ ನಡೆಯಬಹುದು. ಏಣಿ ಮೂರು, ಹಾಗಾಗಿ 2 × 2 × 2 = 8 ಬಗೆ. ಯಾವ ಸಂಖ್ಯೆ ಮೊದಲು ಅನ್ನುವುದು ನಮಗೆ ಬೇಡ, ಅರ್ಧ ಬಿಟ್ಟರೆ ನಾಲ್ಕು ಜೋಡಿ. ಕೈಯಲ್ಲಿ ಮಾಡುವುದು ಇನ್ನೂ ಸುಲಭ. 360 ÷ 12 = 30. ಈ 30ನ್ನು 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಎರಡು ಭಾಗ ಮಾಡಿ: 1 × 30, 2 × 15, 3 × 10, 5 × 6. ಎಲ್ಲವನ್ನೂ 12ರಿಂದ ಗುಣಿಸಿ, ಮುಗಿಯಿತು. ಭಾಗಿಸಿದಾಗ ಶೇಷ ಉಳಿದರೆ (ಮ.ಸಾ.ಅ. 8, ಲ.ಸಾ.ಅ. 100 ಅಂದರೆ) ಅಂಥ ಸಂಖ್ಯೆಗಳೇ ಇಲ್ಲ.

ಸೂತ್ರ ಮೂರು ಸಂಖ್ಯೆಗಳಿಗೆ ಯಾಕೆ ಕೈಕೊಡುತ್ತದೆ ಅನ್ನುವುದೂ ಏಣಿಯಲ್ಲೇ ಕಾಣುತ್ತದೆ. 2, 4, 6ರ ಗುಣಲಬ್ಧ 48. ಮ.ಸಾ.ಅ. 2, ಲ.ಸಾ.ಅ. 12, ಗುಣಿಸಿದರೆ 24. ಮೇಲಿನವರು, ಕೆಳಗಿನವರು ಲೆಕ್ಕಕ್ಕೆ ಸಿಕ್ಕರು. ನಡುವೆ ನಿಂತವರನ್ನು ಯಾರೂ ಕೇಳಲಿಲ್ಲ, ಪಾಪ.

ತಮಾಷೆ ಏನೆಂದರೆ, ಮ.ಸಾ.ಅ. ಕಂಡುಹಿಡಿಯಲು ಏಣಿ ಹತ್ತುವ ಕೆಲಸವೇ ಇಲ್ಲ. ಕ್ರಿ.ಪೂ. 300ರ ಸುಮಾರಿಗೇ ಯೂಕ್ಲಿಡ್ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋಗುವ ದಾರಿ ಬರೆದಿಟ್ಟ. 72ರಿಂದ 60 ಕಳೆದರೆ 12, ಅದು 60ನ್ನು ಪೂರ್ತಿ ಭಾಗಿಸುತ್ತದೆ, ಉತ್ತರ ಸಿಕ್ಕಿತು. ಕ್ರಿ.ಶ. 499ರ ಆರ್ಯಭಟನ ವಿಧಾನದಲ್ಲೂ ಇದೇ ರೀತಿ ಭಾಗಿಸುತ್ತಾ ಸಂಖ್ಯೆಗಳನ್ನು ಚಿಕ್ಕದು ಮಾಡುವ ಕೆಲಸವಿದೆ. ಮುಂದೆ ಅದಕ್ಕೆ ಕುಟ್ಟಕ ಎಂಬ ಹೆಸರು ಬಂತು. ಕುಟ್ಟಿ ಪುಡಿ ಮಾಡುವುದು, ಎಷ್ಟು ಚೆನ್ನಾಗಿದೆ ಅಲ್ವಾ? ಸಂಖ್ಯೆಗಳಲ್ಲಿ ನೂರಾರು ಅಂಕಿ ಇದ್ದರೂ ಕಂಪ್ಯೂಟರ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಹಿಂದಕ್ಕೆ ಬರುವುದೇ ಕಷ್ಟ. ಮ.ಸಾ.ಅ. 1, ಲ.ಸಾ.ಅ. ಎರಡು ದೈತ್ಯ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಅಂತ ಇಟ್ಟುಕೊಳ್ಳಿ. ಒಂದು ಜೋಡಿ ಪುಕ್ಕಟೆ: 1 ಮತ್ತು ಆ ಸಂಖ್ಯೆಯೇ. ಇನ್ನೊಂದು ಜೋಡಿ ಹುಡುಕಲು ಅದನ್ನು ಒಡೆಯಲೇಬೇಕು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಬೀಗ (ಸಂದೇಶಗಳನ್ನು ಗುಟ್ಟಾಗಿಡುವ ಗೂಢಲಿಪಿ ವಿಧಾನ) ನಿಂತಿರುವುದು ಈ ಕಷ್ಟದ ಮೇಲೆಯೇ. ಆ ಬೀಗದ ಗಟ್ಟಿತನ ಪರೀಕ್ಷಿಸಲು ಸವಾಲಾಗಿ ಕೊಟ್ಟ ಸಂಖ್ಯೆಗಳಲ್ಲಿ 250 ಅಂಕಿಯದ್ದು 2020ರಲ್ಲಿ ಒಡೆಯಿತು. 617 ಅಂಕಿಯದ್ದರ ಎರಡನೇ ಜೋಡಿ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.