ವೈಪರ್ ಬ್ಲೇಡ್ ಅಂದರೆ ಏನು?

ಕಾರಿನ ಮುಂದಿನ ಗಾಜಿನ ಮೇಲೆ ಅತ್ತಿತ್ತ ಆಡುವ ಇಡೀ ಸಾಧನವನ್ನು ನಾವು ವೈಪರ್ ಅಂತಲೇ ಕರೆಯುತ್ತೇವೆ. ಬ್ಲೇಡ್ ಅದರ ಒಂದು ಭಾಗ ಅಷ್ಟೇ. ಬಾನೆಟ್ ಹಿಂದೆ ಅಡಗಿರುವ ಮೋಟರ್ ತೋಳನ್ನು ಆಡಿಸುತ್ತದೆ, ತೋಳಿನಲ್ಲಿರುವ ಸ್ಪ್ರಿಂಗ್ ಬ್ಲೇಡನ್ನು ಗಾಜಿಗೆ ಒತ್ತುತ್ತದೆ. ಗಾಜನ್ನು ಮುಟ್ಟುವುದು ಬ್ಲೇಡಿನ ರಬ್ಬರ್ ಪಟ್ಟಿಯ ಅಂಚು ಮಾತ್ರ. ಜೂನ್ ತಿಂಗಳಲ್ಲಿ ಸುರತ್ಕಲ್ ಹೆದ್ದಾರಿಯಲ್ಲಿ ಲಾರಿ ಎಬ್ಬಿಸಿದ ಕೆಸರುನೀರು ಗಾಜಿಗೆ ರಪ್ಪನೆ ಬಡಿದಾಗ, ದಾರಿ ಕಾಣಿಸಬೇಕಾದ್ದು ಆ ಅಂಚೇ.

ಪಟ್ಟಿಗೆ ಬಳಸುವುದು ನೈಸರ್ಗಿಕ ರಬ್ಬರ್, ಕೃತಕ ರಬ್ಬರ್ ಅಥವಾ ಎರಡರ ಮಿಶ್ರಣ. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ಮರದ ತೊಗಟೆ ಗೀರಿ, ಅಂದರೆ ಟ್ಯಾಪಿಂಗ್ ಮಾಡಿ ಹಾಲು ತೆಗೆಯುತ್ತಾರಲ್ವಾ, ಅದೇ ಹಾಲಿನಿಂದ ಬರುವುದು ನೈಸರ್ಗಿಕ ರಬ್ಬರ್. ಅದು ಹಾಗೇ ಇದ್ದರೆ ಬಿಸಿಲಿಗೆ ಅಂಟಂಟಾಗುತ್ತದೆ. ಗಂಧಕ, ಕಾರ್ಬನ್ ಬ್ಲ್ಯಾಕ್ ಅನ್ನುವ ಮಸಿಯಂಥ ಕಪ್ಪು ಪುಡಿ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿ, ಬಗ್ಗಿದರೂ ಮೊದಲಿನಂತಾಗುವ ಗುಣ ಬರುತ್ತದೆ. ಜಾಣತನ ಇರುವುದು ಇದರ ನಂತರ. ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಒಂದೇ ಜೋಡಿಯಾಗಿ ತಯಾರಿಸುತ್ತಾರೆ. ಆಮೇಲೆ ನಟ್ಟನಡುವೆ ಉದ್ದಕ್ಕೆ ಸೀಳುತ್ತಾರೆ. ಹೀಗೆ ಸೀಳಿದಾಗ ಎರಡೂ ಪಟ್ಟಿಗಳಿಗೆ ಚೂಪಾದ ಅಂಚು ಸಿಗುತ್ತದೆ. ಗಾಜಿನ ಮೇಲೆ ಸಲೀಸಾಗಿ ಜಾರಲಿ ಅಂತ ಎಷ್ಟೋ ಬ್ಲೇಡುಗಳಿಗೆ ಗ್ರಾಫೈಟ್ ಲೇಪನವೂ ಇರುತ್ತದೆ.

ಅಂಚಿಗಿಂತ ತುಸು ಮೇಲೆ ಪಟ್ಟಿಗೆ ಒಂದು ತೆಳು ಕುತ್ತಿಗೆ ಇದೆ. ತೋಳು ಬಲಕ್ಕೆ ಹೋಗುವಾಗ ಅಂಚು ಎಡಕ್ಕೆ ವಾಲಿ, ನೀರನ್ನು ಒರೆಸುತ್ತಾ ಹಿಂದೆಯೇ ಬರುತ್ತದೆ. ತೋಳು ತಿರುಗಿದ ಕೂಡಲೇ ಆ ಕುತ್ತಿಗೆಯಲ್ಲಿ ಮಗುಚಿಕೊಂಡು ಇನ್ನೊಂದು ಬದಿಗೆ ವಾಲುತ್ತದೆ. ರಬ್ಬರ್ ಸೆಟೆದಿದ್ದರೆ ಹೀಗೆ ಮಗುಚುವುದಿಲ್ಲ. ಟರ್ ಟರ್ ಅಂತ ಕುಪ್ಪಳಿಸುತ್ತದೆ, ಗಾಜಿನ ಮೇಲೆ ನೀರಿನ ಗೆರೆ ಬಿಡುತ್ತದೆ. ಬ್ಲೇಡ್ ಚೆನ್ನಾಗಿದ್ದರೂ ಗಾಜು ಪೂರ್ತಿ ಒಣಗುವುದಿಲ್ಲ ಅನ್ನಿ. ಕಣ್ಣಿಗೆ ಅಡ್ಡವಾಗದಷ್ಟು ತೆಳುವಾದ ನೀರಿನ ಪೊರೆ ಉಳಿಯುತ್ತದೆ, ಅಂಚು ಜಾರಲು ಅದು ಬೇಕು ಕೂಡ. ಒಣ ಗಾಜಿನ ಮೇಲೆ ವೈಪರ್ ಹಾಕಬಾರದು ಅನ್ನುವುದು ಇದಕ್ಕೇ.

1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಪೇಟೆಂಟ್ ಪಡೆದ ವೈಪರನ್ನು ಒಳಗಿನಿಂದ ಕೈಯಲ್ಲೇ ಆಡಿಸಬೇಕಿತ್ತು. ಮೋಟರ್ ಬಂದದ್ದು ಆಮೇಲೆ. ಒರೆಸುವ ರಬ್ಬರ್ ಅಂಚು ಮಾತ್ರ ಈಗಲೂ ಇದೆ.

ನಮ್ಮೂರ ಮಳೆಗೆ ಬ್ಲೇಡ್ ಬೇಗ ಸವೆಯುತ್ತದೆ ಅಂತ ಜನ ಹೇಳುವುದುಂಟು. ನನ್ನ ಕೇಳಿದರೆ ಮಳೆಗಿಂತ ಜಾಸ್ತಿ ಕೆಡಿಸುವುದು ಬಿಸಿಲು. ಮಾರ್ಚ್‌ನಿಂದ ಮೇವರೆಗೆ ಸುಡುವ ಗಾಜಿನ ಮೇಲೆ ಒಂದೇ ಬದಿಗೆ ವಾಲಿ ಬಿದ್ದಿರುವ ರಬ್ಬರ್, ಬಿಸಿಲು ಮತ್ತು ಗಾಳಿಯ ಓಝೋನ್‌ಗೆ ಸೆಟೆದು ಬಿರುಕು ಬಿಡುತ್ತದೆ. ದೀಪಾವಳಿಗೆ ಹೊಸದು ಹಾಕಿಸಿದರೆ ಮಳೆ ಶುರುವಾಗುವಾಗ ಅದೂ ಹಳತೇ. ಮೇ ಕೊನೆಗೆ ಹಾಕಿಸುವುದು ಲೇಸು. ಲೋಹದ ಚೌಕಟ್ಟಿನ ಹಳೆ ಮಾದರಿಯಾದರೆ ರಬ್ಬರ್ ಪಟ್ಟಿ ಮಾತ್ರ ಬದಲಿಸಬಹುದು, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ರಿಫಿಲ್ ಅಂತ ಕೇಳಿ. ಹಳೆ ಪಟ್ಟಿಯೊಳಗಿನ ಎರಡು ಉಕ್ಕಿನ ಪಟ್ಟಿಗಳನ್ನು ಮಾತ್ರ ಸುಮ್ನೆ ಎಸೆಯಬೇಡಿ. ಕೆಲವು ರಿಫಿಲ್ ಜೊತೆ ಅವು ಬರುವುದಿಲ್ಲ.