2.15ರ ಹತ್ತಿರ ಏನಾದ್ರೂ ಕಾಣ್ತಿದೆಯಾ?

ಡೈರಿಗೆ ಹಾಲು ಹಾಕುವ ಊರಿನವರಿಗೆ ಈ ಆಟ ಗೊತ್ತು. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಹಿಡಿದುಬಿಡುತ್ತದೆ. ಜೊತೆಗೆ ಒಂದಿಷ್ಟು ಸಕ್ಕರೆಯನ್ನೂ ಕಲಸಿದರೆ? ರೀಡಿಂಗ್ ಸರಿಹೋಗುತ್ತದೆ. 2008ರಲ್ಲಿ ಅಮೆರಿಕದಲ್ಲಿ ಬಯಲಾದ ಹೆಪಾರಿನ್ ಕಲಬೆರಕೆಯೂ ಇಂಥದ್ದೇ.

ಡಯಾಲಿಸಿಸ್ ಮಾಡುವಾಗ, ಹೃದಯದ ಆಪರೇಷನ್ನಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಔಷಧಿ ಹೆಪಾರಿನ್. ಬಹುತೇಕ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಉದ್ದನೆಯ ಸಕ್ಕರೆ ಸರಪಳಿ ಅದು. ಎರಡು ಸಕ್ಕರೆಗಳ ಜೋಡಿ ಮತ್ತೆ ಮತ್ತೆ ಬರುತ್ತದೆ, ಅಷ್ಟೇ. ಸುಲಭ ಅನ್ನಿಸುತ್ತೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಮೊದಲ ಸಕ್ಕರೆಗೆ ಎರಡು ರೂಪ. ಅದರ ಮೇಲೆ ಒಂದು ಕಡೆ ಸಲ್ಫೇಟ್ ಇರಬಹುದು, ಇಲ್ಲದೇ ಇರಬಹುದು. ಎರಡನೆಯದರಲ್ಲಿ ಸಲ್ಫೇಟ್ ಕೂರಲು ಎರಡು ಜಾಗ, ಅಂದರೆ ನಾಲ್ಕು ಸಾಧ್ಯತೆ. ಅದರ ನೈಟ್ರೋಜನ್ ಮೇಲೆ ಸಲ್ಫೇಟ್, ಅಸಿಟೈಲ್ ಅನ್ನುವ ಪುಟ್ಟ ಕಾರ್ಬನ್ ಗುಂಪು ಅಥವಾ ಬರೀ ಹೈಡ್ರೋಜನ್. ಒಟ್ಟು 48 ಬಗೆಯ ಜೋಡಿ ಸಾಧ್ಯ. ಡಿಎನ್‌ಎಗೆ ಇರುವಂಥ ಅಚ್ಚು ಇದಕ್ಕಿಲ್ಲ. ಹಾಗಾಗಿ ಒಂದೇ ಬಾಟಲಿಯಲ್ಲಿ ನಾನಾ ಉದ್ದದ, ನಾನಾ ಬಗೆಯ ಸರಪಳಿಗಳು. ಹೆಪ್ಪುಗಟ್ಟುವುದನ್ನು ತಡೆಯುವ ರಕ್ತದ ಪ್ರೋಟೀನ್ ಆಂಟಿಥ್ರಾಂಬಿನ್ ಕಚ್ಚಿಕೊಳ್ಳುವ ಐದು ಸಕ್ಕರೆಯ ತುಣುಕು ಇರುವುದು ಸುಮಾರು ಮೂರರಲ್ಲಿ ಒಂದು ಸರಪಳಿಯಲ್ಲಿ ಮಾತ್ರ.

ಆಗಿನ ಮುಖ್ಯ ಪರೀಕ್ಷೆ ಕೇಳುತ್ತಿದ್ದದ್ದು ಒಂದೇ: ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತದೆ? ಕಲಬೆರಕೆಯಾದ ಅತಿ ಸಲ್ಫೇಟಿನ ಕಾಂಡ್ರಾಯ್ಟಿನ್ ಕೂಡ ತಡಮಾಡುತ್ತಿತ್ತು. ಪಾಸಾಯಿತು. ಪ್ರಾಣಿಗಳ ಮೆದುಮೂಳೆಯಲ್ಲಿರುವ ಇನ್ನೊಂದು ಸಕ್ಕರೆ ಸರಪಳಿ ಕಾಂಡ್ರಾಯ್ಟಿನ್‌ಗೆ ಜೋಡಿಗೆ ನಾಲ್ಕರಂತೆ ಸಲ್ಫೇಟ್ ತುರುಕಿ ಮಾಡಿದ ಮಾಲು ಅದು. ರೋಗಿಗಳ ಬಿಪಿ ದಿಢೀರ್ ಕುಸಿಯಿತು, ಸಾವುಗಳೂ ವರದಿಯಾದವು. ಅದರ ಗುಟ್ಟು ಬಿಡಿಸಿದ ತಂಡದಲ್ಲಿದ್ದ ಅಮೆರಿಕದ ಎಂಐಟಿಯ ರಾಮ್ ಶಶಿಶೇಖರನ್ ಪದವಿ ಓದಿದ್ದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ.

ಈಗ ಎನ್‌ಎಂಆರ್ ಇಲ್ಲದೆ ಮಾತೇ ಇಲ್ಲ. ಅಯಸ್ಕಾಂತದೊಳಗೆ ಅಣುವಿನ ಹೈಡ್ರೋಜನ್‌ಗಳು ಕೊಡುವ ಸಂಕೇತವನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ ಅದು. ನಮ್ಮ ಲ್ಯಾಬಿನಲ್ಲಿ ಸ್ವಲ್ಪ ಹೆಪಾರಿನ್ ಪುಡಿಯನ್ನು ಭಾರಜಲದಲ್ಲಿ (ಭಾರದ ಹೈಡ್ರೋಜನ್ ಇರುವ ನೀರು) ಕರಗಿಸಿ, ಪೆನ್ಸಿಲ್‌ಗಿಂತ ತೆಳ್ಳಗಿನ ಗಾಜಿನ ಟ್ಯೂಬಿಗೆ ಹಾಕುತ್ತೇವೆ. ಮಾಮೂಲಿ ನೀರಾದರೆ ಅದರದ್ದೇ ಹೈಡ್ರೋಜನ್ ಅಬ್ಬರಿಸಿ ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ. ಆಮೇಲೆ ಕಣ್ಣು ನೇರ 2 ಪಿಪಿಎಂ ಆಸುಪಾಸಿಗೆ. ಗೆರೆ ಎಲ್ಲಿದೆ ಅಂತ ಹೇಳುವ ಅಳತೆ ಈ ಪಿಪಿಎಂ. ಹೆಪಾರಿನ್‌ನ ಅಸಿಟೈಲ್ ಗೆರೆ 2.04ರ ಹತ್ತಿರ. ಕಳ್ಳಮಾಲಿನದ್ದು 2.15ರ ಹತ್ತಿರ. ಲ್ಯಾಬಿನಲ್ಲಿ ಬೆಳಗಿನ ಮೊದಲ ಪ್ರಶ್ನೆಯೇ ಅದು.

ಒಮ್ಮೆ ನಮ್ಮ ಹುಡುಗಿಯೊಬ್ಬಳು ಓಡಿಬಂದು, “ಸರ್, ಪಕ್ಕದಲ್ಲಿ ಇನ್ನೊಂದು ಗೆರೆ ಇದೆ” ಅಂದಳು. ಎದೆ ಧಸಕ್ಕೆಂದಿತು. ಪರದೆ ಹಿಗ್ಗಿಸಿ ನೋಡಿದರೆ 2.08. ಅದು ಡರ್ಮಟಾನ್ ಸಲ್ಫೇಟ್ ಅನ್ನುವ ಇನ್ನೊಂದು ಸಕ್ಕರೆ ಸರಪಳಿ, ಅದೇ ಕರುಳಿನಿಂದ ಜೊತೆಗೇ ಬರುವ ನೆಂಟ. ಸುಮ್ನೆ ಬಿಡುವ ಹಾಗೂ ಇರಲಿಲ್ಲ. ಇಂಥ ನೆಂಟರನ್ನು ಅಳೆಯುವುದು ಅವುಗಳಲ್ಲಿರುವ ಗ್ಯಾಲಕ್ಟೋಸಮೀನ್ ಅನ್ನುವ ಸಕ್ಕರೆಯ ಲೆಕ್ಕದಲ್ಲಿ. ಒಟ್ಟು ಹೆಕ್ಸೋಸಮೀನ್‌ನಲ್ಲಿ (ನೈಟ್ರೋಜನ್ ಇರುವ ಇಂಥ ಎಲ್ಲ ಸಕ್ಕರೆಗಳಲ್ಲಿ) ಅದು ಶೇ. 1 ದಾಟಬಾರದು ಅನ್ನುವುದು ಅಮೆರಿಕದ ಫಾರ್ಮಾಕೋಪಿಯಾ, ಅಂದರೆ ಔಷಧಿ ಗುಣಮಟ್ಟದ ಪುಸ್ತಕದ ನಿಯಮ. ನಮ್ಮದು ದಾಟಿತ್ತು. ಮೋಸವೇನಲ್ಲ, ಶುದ್ಧಿ ಸಾಲದು. ಬ್ಯಾಚ್ ವಾಪಸ್ ಹೋಯಿತು.