ಮಧ್ಯಾಹ್ನ ಎರಡು ಗಂಟೆಗೆ ಮಗು ಎಲ್ಲಿರುತ್ತೆ?

ಏಪ್ರಿಲ್ ಬಂತೆಂದರೆ ದಾವಣಗೆರೆಯ ನಮ್ಮ ಟ್ರಾವೆಲ್ಸ್ ಆಫೀಸಿಗೆ ರಜೆಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿಗಳು ಬರೋಕೆ ಶುರು. ಕೆಲವರು ವಾಟ್ಸಾಪ್ ಮಾಡುತ್ತಾರೆ. ಕೆಲವರು ಮದುವೆ ಕಾರ್ಡಿನ ಹಿಂದೆ ಬರೆದುಕೊಂಡೇ ಬರುತ್ತಾರೆ. ಮೊನ್ನೆ ಬಂದ ಒಂದು ಮೈಸೂರಿನ ಪಟ್ಟಿ ಹೀಗಿತ್ತು: ಅರಮನೆ, ಝೂ, ಚಾಮುಂಡಿ ಬೆಟ್ಟ, ಸಂತ ಫಿಲೋಮಿನಾ ಚರ್ಚ್, ರೈಲ್ವೆ ಮ್ಯೂಸಿಯಂ, ಶ್ರೀರಂಗಪಟ್ಟಣ, ಸಂಜೆ ಕೆಆರ್‌ಎಸ್. ಕೆಳಗೆ ಬೇರೆ ಪೆನ್ನಲ್ಲಿ ನಂಜನಗೂಡು. ಅದು ಅಜ್ಜಿಯ ಬೇಡಿಕೆ ಇರಬೇಕು. ಇದೆಲ್ಲ ಒಂದೇ ದಿನಕ್ಕೆ. ಜೊತೆಗೆ ಬರುವ ಮಕ್ಕಳಲ್ಲಿ ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಎರಡೂವರೆ.

"ಇಷ್ಟೆಲ್ಲ ಆಗಲ್ಲ ಸರ್" ಅಂದರೆ ಎಲ್ಲರದೂ ಒಂದೇ ಉತ್ತರ: "ಹೋಗೋದೇ ಹೋಗ್ತೀವಿ, ಎಲ್ಲಾ ನೋಡ್ಕಂಡು ಬಂದ್ಬಿಡ್ತೀವಿ ಬಿಡ್ರಿ."

ಪಟ್ಟಿ ಉದ್ದ ಇದ್ದರೆ ಪೆನ್ನು ತಗೊಂಡು ಹೊಡೆದುಹಾಕಬಹುದು, ಅದು ದೊಡ್ಡ ವಿಷಯವಲ್ಲ. ನನಗೆ ತಲೆ ಬಿಸಿ ಆಗುವುದು ಅದರ ಹಿಂದೆಯೇ ಬರುವ ಇನ್ನೊಂದು ಮಾತಿಗೆ. "ರೂಮು ಯಾವ್ದಾದ್ರೂ ನಡೀತದೆ, ಕಮ್ಮಿ ರೇಟಿಂದು ನೋಡ್ರಿ. ರಾತ್ರಿ ಮಲಗೋಕೆ ತಾನೇ?"

ಈ ಒಂದು ಮಾತಿನಿಂದ ಕೆಟ್ಟ ಪ್ರವಾಸಗಳಿಗೆ ಲೆಕ್ಕವಿಲ್ಲ. ಹಾಗಾಗಿ ಟೋಪಿ, ನೀರಿನ ಬಾಟಲಿ, ಒಂದು ಜೊತೆ ಹೆಚ್ಚು ಬಟ್ಟೆ ಅಂತೆಲ್ಲ ನಾನು ಇಲ್ಲಿ ಬರೆಯಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರೂಮಿನ ವಿಷಯ ಮಾತ್ರ ಹೇಳುತ್ತೇನೆ.

ಐದು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಮಧ್ಯಾಹ್ನ ಏನು ಮಾಡುತ್ತೆ? ಉಂಡು ಮಲಗುತ್ತೆ. ನಿದ್ದೆ ಬಿಟ್ಟ ಮಗುವಾದರೂ ಫ್ಯಾನಿನ ಕೆಳಗೆ ಒಂದಿಷ್ಟು ಹೊತ್ತು ಉರುಳಾಡುತ್ತೆ. ಮೈಸೂರಿಗೆ ಹೋದ ತಕ್ಷಣ ಆ ಅಭ್ಯಾಸ ಬಿಡಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅದಕ್ಕೆ ನಿದ್ದೆ ಬಂದೇ ಬರುತ್ತೆ. ಆಗ ನೀವು ಎಲ್ಲಿರುತ್ತೀರಿ? ಅರಮನೆಯ ಕ್ಯೂನಲ್ಲಿ, ಚಪ್ಪಲಿ ಬಿಟ್ಟು, ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು. ಮಗು ರಚ್ಚೆ ಹಿಡಿಯುತ್ತೆ. ಅಪ್ಪ ಗದರುತ್ತಾರೆ. ಅಮ್ಮ ಅಪ್ಪನನ್ನು ಗದರುತ್ತಾರೆ. 1897ರಲ್ಲಿ ಹಳೇ ಅರಮನೆ ಸುಟ್ಟುಹೋಯಿತು, 1912ರಲ್ಲಿ ಇದು ಕಟ್ಟಿ ಮುಗಿಯಿತು ಅಂತ ಗೈಡ್ ಹೇಳುತ್ತಿದ್ದರೆ ಕೇಳುವವರು ಯಾರೂ ಇರಲ್ಲ. ದೊಡ್ಡ ಮಗು ಹೊರಗೆ ಪಾರಿವಾಳ ನೋಡೋಣ ಅಂತ ಕೈ ಎಳೆಯುತ್ತಿರುತ್ತೆ.

ಪರಿಹಾರ ತುಂಬಾ ಸರಳ. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ನಡುವೆ ಹನ್ನೆರಡೂವರೆಯಿಂದ ನಾಲ್ಕರವರೆಗೆ ರೂಮು. ಇಷ್ಟೇ. ಇದನ್ನು ಹೇಳಿದಾಗ ಎಲ್ಲರೂ ತಲೆ ಆಡಿಸುತ್ತಾರೆ. "ಹೌದೌದು, ಮಧ್ಯಾಹ್ನ ರೆಸ್ಟ್ ಬೇಕು" ಅನ್ನುತ್ತಾರೆ. ಆಮೇಲೆ ಐನೂರು ರೂಪಾಯಿ ಉಳಿಯುತ್ತೆ ಅಂತ ರಿಂಗ್ ರೋಡ್ ಆಚೆ ರೂಮು ಮಾಡುತ್ತಾರೆ!

ದಯವಿಟ್ಟು ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ರೂಮು ಹತ್ತು ಕಿಲೋಮೀಟರ್ ದೂರ ಇದ್ದರೆ ಮಧ್ಯಾಹ್ನ ಯಾರೂ ವಾಪಸ್ ಹೋಗಲ್ಲ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ಊಟದ ಹೊತ್ತಿಗೆ ನಿಮಗೇ ಅನ್ನಿಸುತ್ತೆ, ಅಷ್ಟು ದೂರ ಯಾಕೆ, ಇಲ್ಲೇ ಎಲ್ಲಾದರೂ ಮರದ ಕೆಳಗೆ ಕೂತರಾಯಿತು ಅಂತ. ಕೂತರೆ ಮಗು ಮಲಗಲ್ಲ. ಐಸ್‌ಕ್ರೀಮ್ ಗಾಡಿ ಕಾಣಿಸುತ್ತೆ, ಬಲೂನ್ ಮಾರುವವನು ಕಾಣಿಸುತ್ತಾನೆ. ಮೂರು ಗಂಟೆಗೆ ಮತ್ತೆ ಸುತ್ತಾಟ ಶುರು. ಐದೂವರೆಗೆ ಕೆಆರ್‌ಎಸ್ ದಾರಿಯಲ್ಲಿ ಕಾರಿನೊಳಗೆ ಮಗು ಸತ್ತಂತೆ ನಿದ್ದೆ. ಬೃಂದಾವನದಲ್ಲಿ ಕಾರಂಜಿ ಕುಣಿಯುವಾಗ ಅದು ಅಪ್ಪನ ಹೆಗಲ ಮೇಲೆ ಗೊರಕೆ ಹೊಡೆಯುತ್ತಿರುತ್ತೆ. ರಾತ್ರಿ ಹತ್ತಕ್ಕೆ ಹೋಟೆಲಿಗೆ ಬಂದು ಲೈಟ್ ಹಾಕಿದ ಕೂಡಲೇ ಎದ್ದು ಕೂರುತ್ತೆ. ರಾತ್ರಿ ಒಂದು ಗಂಟೆಯವರೆಗೆ ಮಂಚದ ಮೇಲೆ ಕುಣಿತ. ಮಾರನೇ ದಿನದ ಕಥೆ ಹೇಳುವುದೇ ಬೇಡ.

ಅದೇ ರೂಮು ಬಸ್ ಸ್ಟ್ಯಾಂಡ್ ಸುತ್ತಮುತ್ತ ಇದ್ದರೆ? ಅರಮನೆಯಿಂದ ಝೂಗೆ ಎರಡು ಕಿಲೋಮೀಟರ್ ಆಸುಪಾಸು. ರೈಲ್ವೆ ಸ್ಟೇಷನ್ನೂ ಹೆಚ್ಚು ಕಡಿಮೆ ಅಷ್ಟೇ ದೂರ. ಆಟೋ ಹಿಡಿದರೆ ಹತ್ತು-ಹದಿನೈದು ನಿಮಿಷದಲ್ಲಿ ಮಗು ಹಾಸಿಗೆ ಮೇಲಿರುತ್ತೆ. ಒಂದೂವರೆ ಗಂಟೆ ಮಲಗಿ ಎದ್ದ ಮಗು ಸಂಜೆ ಎಂಟರವರೆಗೆ ನಗುನಗುತ್ತಾ ಇರುತ್ತೆ. ನೀವು ರೂಮಿಗೆ ಜಾಸ್ತಿ ಕೊಟ್ಟ ದುಡ್ಡು ಹೋಗುವುದು ಈ ಸಂಜೆಗೆ. ಸಂಜೆ ಬೇಕೋ ಬೇಡವೋ ನೀವೇ ಹೇಳಿ.

ಎಲ್ಲಾ ಮಕ್ಕಳೂ ಹೀಗೇ ಅಂತ ನಾನು ಬರೆದುಕೊಡಲಾರೆ. ಎಲ್ಲಿ ಬೇಕಾದರೂ ಮಲಗುವ, ಏನು ಕೊಟ್ಟರೂ ತಿನ್ನುವ ಪುಣ್ಯಾತ್ಮರೂ ಇದ್ದಾರೆ. ಎಂಟು ವರ್ಷ ದಾಟಿದ ಮಕ್ಕಳಿಗೆ ಈ ಮಾತು ಅಷ್ಟಾಗಿ ಬೇಕಿಲ್ಲ. ಆದರೆ ಎರಡರಿಂದ ಆರರೊಳಗಿನ ಮಗು ಜೊತೆಗಿದ್ದರೆ ಮಧ್ಯಾಹ್ನ ಖಾಲಿ ಬಿಡದೆ ಸುಖವಾಗಿ ತಿರುಗಾಡಿ ಬಂದವರನ್ನು ನಾನು ಕಂಡಿದ್ದು ಕಡಿಮೆ. ಇನ್ನೊಂದು ವಿಷಯ. ಅಜ್ಜ-ಅಜ್ಜಿ ಜೊತೆಗಿದ್ದರೆ ಅವರೂ ಮೊಮ್ಮಗು ಸುಸ್ತಾಗುವ ಹೊತ್ತಿಗೇ ಸುಸ್ತಾಗುತ್ತಾರೆ. ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. "ನಂದೇನಿಲ್ಲಪ್ಪ, ಕೂಸಿಗೆ ಸುಸ್ತಾಗೇತಿ" ಅಂತ ಅಜ್ಜಿ ಅಂದರೆ ಅರ್ಥ ಮಾಡಿಕೊಳ್ಳಿ.

ಆಮೇಲೆ ಗಾಡಿಯ ತಕರಾರು. ಊರಿಂದಲೇ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಹೋಗುವವರಿಗೆ ಮಧ್ಯಾಹ್ನ ಗಾಡಿ ನಿಂತಿದ್ದರೆ ಹೊಟ್ಟೆ ಉರಿಯುತ್ತೆ. "ಬಾಡಿಗಿ ಕೊಟ್ಟು ಗಾಡಿ ಸುಮ್ನೆ ನಿಲ್ಸೋದಾ?" ಡ್ರೈವರ್‌ಗೂ ಊಟ, ನಿದ್ದೆ ಬೇಕು ಅಲ್ವಾ? ರಾತ್ರಿಯೆಲ್ಲ ಓಡಿಸಿಕೊಂಡು ಬಂದವನು ಮಧ್ಯಾಹ್ನ ಎರಡು ತಾಸು ಮಲಗಿದರೆ ನಿಮಗೇ ಕ್ಷೇಮ. ಅಷ್ಟು ಲೆಕ್ಕ ನೋಡುವುದಾದರೆ ರೈಲಿನಲ್ಲಿ ಹೋಗಿ, ಊರೊಳಗೆ ಆಟೋದಲ್ಲಿ ತಿರುಗಿ. ಕೆಆರ್‌ಎಸ್‌ಗೆ ಮಾತ್ರ ಒಂದು ಸಂಜೆ ಕಾರು ಮಾಡಿ. ಅದು ಊರಿಂದ ಇಪ್ಪತ್ತು ಕಿಲೋಮೀಟರ್ ಹತ್ತಿರ ಇದೆ.

ರಾತ್ರಿ ರೈಲಿಗೆ ಹೋಗುವವರು ಒಂದು ಸಂಗತಿ ಮರೆಯುತ್ತಾರೆ. ರೈಲು ಬೆಳಗಾಗುವ ಹೊತ್ತಿಗೆ ಇಳಿಸಿಬಿಡುತ್ತೆ, ಎಷ್ಟೋ ಹೋಟೆಲಿನಲ್ಲಿ ಚೆಕ್-ಇನ್ ಹನ್ನೆರಡಕ್ಕೆ. ನಡುವಿನ ಐದಾರು ಗಂಟೆ ಆ ಮಗು ಎಲ್ಲಿ ಮುಖ ತೊಳೆಯಬೇಕು, ಎಲ್ಲಿ ಹಾಲು ಕುಡಿಯಬೇಕು? ನಮ್ಮ ಒಬ್ಬ ಗಿರಾಕಿ, ಮಂಡಿಪೇಟೆಯ ವ್ಯಾಪಾರಿ, ಲಾಬಿಯಿಂದ ಬೆಳಿಗ್ಗೆ ಏಳಕ್ಕೆ ನನಗೆ ಫೋನ್ ಮಾಡಿದ್ದರು. ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು. ಬುಕ್ ಮಾಡುವಾಗಲೇ ನಾನು ಚೆಕ್-ಇನ್ ಟೈಮ್ ಹೇಳಿದ್ದೆ. "ಅಯ್ಯೋ, ನಮ್ಮ ಹುಡುಗ್ರು ಎದ್ದ ಕೂಡ್ಲೇ ಝೂಗೆ ಹೊರಡ್ತಾವೆ" ಅಂದಿದ್ದರು. ಝೂ ತೆರೆಯುವುದು ಎಂಟೂವರೆಗೆ. ಅಲ್ಲಿಯವರೆಗೆ ಬ್ಯಾಗಿನ ಮೇಲೆ ಕೂತಿದ್ದರು, ಒಬ್ಬ ಹುಡುಗ ಸೋಫಾ ಮೇಲೆ ವಾಂತಿ ಮಾಡಿದ್ದ. ಇಂಥ ಕಡೆ ನೀವು ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ ಹಾಕುವ ಹೋಟೆಲ್ ಹುಡುಕಿ. ಇಲ್ಲವೇ ಒಂದು ರೂಮನ್ನಾದರೂ ಹಿಂದಿನ ರಾತ್ರಿಯಿಂದಲೇ ತೆಗೆದುಕೊಳ್ಳಿ. ದಂಡ ಅನ್ನಿಸುತ್ತೆ, ನಿಜ. ವಾಂತಿಗೆ ಮಾತ್ರೆ ಕೊಡುವುದಿದ್ದರೆ ಹೊರಡುವ ಮುಂಚೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ. ಮೆಡಿಕಲ್ ಶಾಪಿನವರನ್ನೂ ಕೇಳಬೇಡಿ, ನನ್ನನ್ನೂ ಕೇಳಬೇಡಿ.

ಝೂ ಬಗ್ಗೆ ಎರಡು ಮಾತು, ಯಾಕೆಂದರೆ ಮಕ್ಕಳಿಗೆ ಮೈಸೂರು ಅಂದರೆ ಅದೇ. ಮಂಗಳವಾರ ರಜೆ. ಹಬ್ಬದ ದಿನಗಳಲ್ಲಿ ಒಮ್ಮೊಮ್ಮೆ ತೆರೆದಿರುತ್ತೆ, ಹೊರಡುವ ಮುಂಚೆ ವಿಚಾರಿಸಿ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನ ಒಂದಕ್ಕೆ ಹೋದರೆ ಹುಲಿಯೂ ಮಲಗಿರುತ್ತೆ. ಹುಲಿಗೇ ಗೊತ್ತಿರುವುದು ನಮಗೆ ಗೊತ್ತಿಲ್ಲ. ಒಳಗೆ ಪೂರ್ತಿ ಸುತ್ತು ಹಾಕುವುದು ದೊಡ್ಡವರಿಗೇ ಸಾಕುಸಾಕಾಗುವ ನಡಿಗೆ, ಹಾಗಾಗಿ ಬ್ಯಾಟರಿ ಗಾಡಿ ಸಿಕ್ಕರೆ ಹತ್ತಿ. 1892ರಿಂದ ಇರುವ ಝೂ, ಮುಂದಿನ ವರ್ಷವೂ ಇರುತ್ತೆ. ಎಲ್ಲಾ ಪ್ರಾಣಿಯನ್ನೂ ಇದೇ ಸಲ ನೋಡಿ ಮುಗಿಸಬೇಕಿಲ್ಲ. ಮಗು ಜಿರಾಫೆ ಮುಂದೆ ಅರ್ಧ ಗಂಟೆ ನಿಂತರೆ ನಿಲ್ಲಲಿ ಬಿಡಿ. ಅರಮನೆ ದೀಪ ನೋಡಬೇಕೆಂದರೆ ಭಾನುವಾರ ಅಥವಾ ಸರ್ಕಾರಿ ರಜೆ ದಿನದ ಸಂಜೆ ಇಟ್ಟುಕೊಳ್ಳಿ. ಮಧ್ಯಾಹ್ನ ಮಲಗೆದ್ದ ಮಗುವಿಗೆ ಆ ದೀಪಗಳಿಗಿಂತ ದೊಡ್ಡ ಬಹುಮಾನ ಇಲ್ಲ.

ಬೆಂಗಳೂರಿನ ಕಥೆಯೇ ಬೇರೆ. ಅಲ್ಲಿ ನಮ್ಮವರು ರೂಮೇ ಮಾಡಲ್ಲ. "ನಾಗರಭಾವಿಯಾಗ ಚಿಕ್ಕಪ್ಪನ ಮನಿ ಐತಲ್ರಿ." ಚಿಕ್ಕಪ್ಪ ಒಳ್ಳೆಯವರೇ ಇರುತ್ತಾರೆ. ಆದರೆ ನಾಗರಭಾವಿಯಿಂದ ಬನ್ನೇರುಘಟ್ಟಕ್ಕೆ ಹೋಗಿ, ಅಲ್ಲಿಂದ ಲಾಲ್‌ಬಾಗ್ ನೋಡಿ, ರಾತ್ರಿ ಊಟಕ್ಕೆ ವಾಪಸ್ ಅಂದರೆ ಇಡೀ ದಿನ ಟ್ರಾಫಿಕ್ಕಿನಲ್ಲೇ ಕಳೆಯುತ್ತೆ. ನೆಂಟರ ಮನೆಯಲ್ಲಿ ಇಳಿದುಕೊಂಡರೆ ದಿನಕ್ಕೆ ಒಂದೇ ಜಾಗ ಅಂತ ಗಟ್ಟಿ ಮಾಡಿಕೊಳ್ಳಿ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಿ. ಸಂಜೆ ಚಿಕ್ಕಪ್ಪನ ಮಕ್ಕಳ ಜೊತೆ ಬೀದಿಯಲ್ಲಿ ಆಡಲಿ. ಅದೂ ರಜೆಯೇ.

ಎರಡು ದಿನ ರೂಮು ಮಾಡುವ ಮನಸ್ಸಿದ್ದರೆ ಮೆಜೆಸ್ಟಿಕ್, ಗಾಂಧಿನಗರದ ಕಡೆ ನೋಡಿ. ಗಲಾಟೆ ಜಾಗ, ಒಪ್ಪುತ್ತೇನೆ. ಒಳಗಡೆ ಮುಖ ಇರುವ ರೂಮು ಕೇಳಿ ತೆಗೆದುಕೊಳ್ಳಿ. ಅಲ್ಲಿಂದ ಮೆಟ್ರೋ ನೇರಳೆ ಲೈನಿನಲ್ಲಿ ಮೂರನೇ ಸ್ಟಾಪೇ ಕಬ್ಬನ್ ಪಾರ್ಕ್. ಪಾರ್ಕು, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಎರಡೂ ಆ ಕಡೆಯೇ. ಬಿಸಿಲು ಏರುವ ಮುಂಚೆ ಮುಗಿಸಿಕೊಂಡು ಊಟಕ್ಕೆ ವಾಪಸ್ ಬರಬಹುದು. ಮೂರು ಅಡಿಗಿಂತ ಗಿಡ್ಡ ಇರುವ ಮಗುವಿಗೆ ಮೆಟ್ರೋ ಟಿಕೆಟ್ಟೇ ಬೇಡ. ಮತ್ತೆ ನಿಜ ಹೇಳುತ್ತೇನೆ, ಎಷ್ಟೋ ಮಕ್ಕಳು ಊರಿಗೆ ಬಂದು ಹೇಳುವುದು ಮೆಟ್ರೋ ಬಗ್ಗೆ, ಎಸ್ಕಲೇಟರ್ ಬಗ್ಗೆ. ತಾರಾಲಯ ಸೋಮವಾರ ರಜೆ, ಬನ್ನೇರುಘಟ್ಟ ಮಂಗಳವಾರ ರಜೆ. ಮೂರು ವರ್ಷದೊಳಗಿನ ಮಗುವನ್ನು ತಾರಾಲಯದ ಕತ್ತಲಲ್ಲಿ ಕೂರಿಸುವ ಮುಂಚೆ ಒಂದು ಸಲ ಯೋಚಿಸಿ.

ಚಿತ್ರದುರ್ಗದ ಗಿರಾಕಿಗಳದ್ದು ಒಂದು ತಮಾಷೆ ಇದೆ. "ನಮ್ಮ ಹುಡುಗ ಕೋಟೆ ಹತ್ತಿ ಇಳಿಯೋನು, ಅವ್ನಿಗೆ ಸುಸ್ತಾಗಲ್ಲ ಸಾರ್" ಅನ್ನುತ್ತಾರೆ. ಏಳು ಸುತ್ತಿನ ಕೋಟೆಯ ಮಕ್ಕಳ ಕಾಲು ಗಟ್ಟಿ ಇರಬಹುದು, ಇಲ್ಲ ಅನ್ನಲ್ಲ. ಆದರೆ ಆ ಹುಡುಗ ಕೋಟೆ ಹತ್ತಿ ಇಳಿದು ಮನೆಗೆ ಹೋಗಿ ಮಲಗುತ್ತಾನಲ್ಲ, ಅದನ್ನೇ ನಾನು ಹೇಳುತ್ತಿರುವುದು.

ನಿಮ್ಮ ಮಗು ಎಷ್ಟು ಹೊತ್ತು ತಡೆಯುತ್ತೆ ಅಂತ ಗೊತ್ತಿಲ್ಲದಿದ್ದರೆ ಒಂದು ಭಾನುವಾರ ಇಲ್ಲೇ ನೋಡಿಕೊಳ್ಳಿ. ಬೆಳಿಗ್ಗೆ ಬೆಣ್ಣೆದೋಸೆ ತಿಂದು ನಮ್ಮ ಗಾಜಿನ ಮನೆಗೋ, ಆನಗೋಡಿನ ಝೂಗೋ ಕರೆದುಕೊಂಡು ಹೋಗಿ. ಫೋನಲ್ಲಿ ಟೈಮ್ ನೋಡಿಕೊಳ್ಳಿ. ಎತ್ತಿಕೋ ಅಂತ ಎಷ್ಟು ಗಂಟೆಗೆ ಕೇಳಿತು, ನೀರು ಎಷ್ಟು ಸಲ ಬೇಕೆಂದಿತು, ಸುಮ್ಮನೆ ಅಳು ಯಾವಾಗ ಶುರುವಾಯಿತು, ಇಷ್ಟು ಗೊತ್ತಾದರೆ ಸಾಕು. ಆ ಟೈಮನ್ನು ನನಗೆ ಹೇಳಿದರೆ ಮೈಸೂರಿನ ಪ್ಲಾನ್ ಐದು ನಿಮಿಷದ ಕೆಲಸ.

ಕೊನೆಗೆ ರೈಲು ಟಿಕೆಟ್ಟು. ಈಗ ರಿಸರ್ವೇಶನ್ 60 ದಿನ ಮುಂಚೆ ಮಾತ್ರ ತೆರೆಯುತ್ತೆ. ಹಳೇ 120 ದಿನದ ಲೆಕ್ಕ 2024ರ ನವೆಂಬರ್‌ಗೆ ಮುಗಿಯಿತು. ಐದು ವರ್ಷ ತುಂಬದ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರೊಳಗೆ ಇದ್ದರೆ ಬರ್ತ್ ಬೇಕೆಂದರೆ ಪೂರ್ತಿ ಚಾರ್ಜು, ಬೇಡವೆಂದರೆ ಅರ್ಧ. ಅರ್ಧ ಚಾರ್ಜಿನ ಆಸೆಗೆ ಆರು ವರ್ಷದ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಂಡು ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಕೂತ ತಾಯಂದಿರು ಮಾರನೇ ದಿನ ಅರಮನೆ ಕಂಬಕ್ಕೆ ಒರಗಿಕೊಂಡಿರುತ್ತಾರೆ. ರಾತ್ರಿ ಪ್ರಯಾಣಕ್ಕೆ ಬರ್ತ್ ತೆಗೆದುಕೊಳ್ಳಿ. ಜೊತೆಗೆ ಅಜ್ಜಿ ಇದ್ದರೆ ಕೆಳಗಿನ ಬರ್ತ್ ಕೋಟಾ ಕೇಳಿ, ಹೆಂಗಸರಿಗೆ 45 ದಾಟಿದರೆ ಸಾಕು. ಮಕ್ಕಳ ಆಧಾರ್ ಫೋಟೋ ಫೋನಲ್ಲಿ ಇಟ್ಟುಕೊಂಡಿರಿ.

ವಯಸ್ಸನ್ನು ಮಾತ್ರ ಸರಿಯಾಗಿ ಹೇಳಿ. ನಮ್ಮ ಆಫೀಸಿಗೆ ಬರುವ ಎಷ್ಟೋ ಮಕ್ಕಳಿಗೆ ವರ್ಷ ಕಳೆದರೂ ನಾಲ್ಕೂವರೆಯೇ ಇರುತ್ತೆ. ನಾನೇನೋ ನಂಬಿದ ಹಾಗೆ ಇರಬಹುದು. ರೈಲಿನಲ್ಲಿ ಟಿಟಿಇ ಬಂದು ಕೆನ್ನೆ ತಟ್ಟಿ "ಎಷ್ಟು ವರ್ಷ ಪುಟ್ಟಾ ನಿನಗೆ?" ಅಂದಾಗ ಅಪ್ಪ ಬಾಯಿ ತೆಗೆಯುವ ಮುಂಚೆಯೇ ಉತ್ತರ ಬಂದಿರುತ್ತೆ: "ಆರು. ನಾನು ಒಂದನೇ ಕ್ಲಾಸು."